ದುವನ್ ದೊಡ್ಡಮ್ಮನ ಹಾಡಿನ ಡಬ್ಬಿ

“ಬೇಡ ಹಿಯಾ, ಇದೂ ಬೇಡ. ಕಿವಿಯೊಳಗೆ ಬಿರಡೆ ಜಡಿದಂಗೆ ಕೂತ್ಕೊಳ್ಳತ್ತೆ ಇದು.”

“ಅಯ್ಯೋ ದುವನ್, ಜನ ಜಾಸ್ತಿ ದುಡ್ಡು ಕೊಡೋದೇ ಅದಕ್ಕಲ್ವಾ! ಇದನ್ನ ಹಾಕ್ಕೊಂಡ್ರೆ ಪಕ್ಕದಲ್ಲಿ ಲಾರಿ ಹೋದ್ರೂ ಗೊತ್ತಾಗಲ್ಲ.”

“ನಂಗೆ ಗೊತ್ತಾಗ್ಬೇಕು. ಲಾರಿನೂ ಗೊತ್ತಾಗ್ಬೇಕು, ಬೇರೇದೂ ಗೊತ್ತಾಗ್ಬೇಕು.”

“ಬೇರೇದು ಅಂದ್ರೆ?”

ದುವನ್ ಆ ಇಯರ್‌ಫೋನನ್ನು ಕಿವಿಯಿಂದ ಕಿತ್ತು ಹಿಂದಕ್ಕೆ ಕೊಟ್ಟಳು. ಅವಳ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದ ಗೆಳತಿ ಸಾಯ್‌ಯುತ್ ಕಿಸಕ್ಕನೆ ನಕ್ಕಳು.

“ಹೇಳೇ, ಹಿಯಾಗೂ ಹೇಳು. ಇಡೀ ಊರಿಗೆ ಗೊತ್ತಿದೆ, ಇವರೊಬ್ಬರಿಗೆ ಯಾಕೆ ಮೋಸ?”

“ಊರಿಗೆ ಗೊತ್ತಾಗಿದ್ದು ಯಾರಿಂದ?”

“ನಾನು ಮಾರೋದು ಕೆಂಡದ ಮೇಲೆ ಸುಟ್ಟ ಅನ್ನದ ಬಿಲ್ಲೆ. ಬರೀ ಬಿಲ್ಲೆ ತಿನ್ನೋಕಾಗತ್ತಾ? ಜನಕ್ಕೆ ನೆಂಚ್ಕೊಳ್ಳೋಕೆ ಏನಾದ್ರೂ ಬೇಡ್ವಾ?”

ಕರೆಂಟು ಸಾಮಾನಿನ ಅಂಗಡಿಯ ಯಜಮಾನ ಸೆಂಗ್ ಗಲ್ಲಾದ ಮೇಲೆ ಎರಡೂ ಮೊಣಕೈ ಊರಿ ಆರಾಮಾಗಿ ಕೂತ. ಊರಿನ ಚೀನೀ ಮನೆತನದ ಅಂಗಡಿಯವರನ್ನೆಲ್ಲ ‘ಹಿಯಾ’ ಅಂದರೆ ಅಣ್ಣ ಅಂತಲೇ ಕರೆಯುವುದು. ಸೆಂಗ್‌ಗೆ ಅರವತ್ತಮೂರಾದರೂ ಅವನು ಎಲ್ಲರಿಗೂ ಅಣ್ಣನೇ. ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಅವನ ಅಂಗಡಿಗೆ ನೊಣವೂ ಬರುವುದಿಲ್ಲ. ಕಥೆ ಕೇಳಲು ಇದಕ್ಕಿಂತ ಒಳ್ಳೇ ಹೊತ್ತು ಯಾವುದಿದೆ?

ಕಥೆ ಶುರುವಾಗುವ ಮೊದಲು ದುವನ್ ಯಾರೆಂದು ಗೊತ್ತಿರಬೇಕು. ಖೋನ್ ಕೆನ್ ವಿಶ್ವವಿದ್ಯಾಲಯದ ಹಿಂದಿನ ಗೇಟಿನೆದುರು ಅವಳು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ. ಪೂರ್ತಿ ಹೆಸರು ಲಮ್‌ದುವನ್, ಆದರೆ ಹಾಸ್ಟೆಲ್ ಮಕ್ಕಳಿಗೆಲ್ಲ ಅವಳು ದುವನ್ ದೊಡ್ಡಮ್ಮ. ಆ ಮಕ್ಕಳ ಬಿಳಿ ಶರ್ಟು, ಕಪ್ಪು ಲಂಗ, ಪರೀಕ್ಷೆಗೆ ಮೊದಲಿನ ಅಳು, ಪರೀಕ್ಷೆ ಮುಗಿದ ಮೇಲಿನ ಸಾರಿನ ಕಲೆ, ಎಲ್ಲವೂ ಅವಳ ಕೈ ದಾಟಿಯೇ ಹೋಗಬೇಕು. ಒಗೆಯುವ ಮೊದಲು ಪ್ರತಿ ಜೇಬಿಗೂ ಎರಡು ಬೆರಳು ಹಾಕಿ ನೋಡುವುದು ಅವಳ ನೇಮ. ಚಿಲ್ಲರೆ, ಪ್ರೇಮಪತ್ರ, ಕಾಪಿ ಚೀಟಿ, ಒಮ್ಮೆ ಯಾರದೋ ಅಜ್ಜನ ಹಲ್ಲಿನ ಸೆಟ್ಟು! ಸಿಕ್ಕಿದ್ದೆಲ್ಲ ಹೆಸರು ಬರೆದ ಚೀಟಿಯ ಜೊತೆ ಬಿಸ್ಕತ್ತಿನ ಡಬ್ಬಿಗೆ ಹೋಗಿ, ಶರ್ಟಿನ ಜೊತೆ ವಾಪಸ್ಸು ಹೋಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಾಮಾನೂ ಅವಳ ಕೈಯಲ್ಲಿ ನೀರಿಗೆ ಬಿದ್ದಿರಲಿಲ್ಲ.

ಬೆಳಿಗ್ಗೆ ಐದಕ್ಕೆ ಇಸ್ತ್ರಿ ಪೆಟ್ಟಿಗೆ ಕಾಯುವಾಗಲೇ ಅವಳ ಕಾಲರಿಗೆ ಹಾಡಿನ ಡಬ್ಬಿ ಸಿಕ್ಕಿಸಿಕೊಂಡಾಗಿರುತ್ತದೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ, ನೀಲಿ ಬಣ್ಣದ, ಒಂಬತ್ತು ವರ್ಷ ಹಳೇ ಡಬ್ಬಿ. ಅದರೊಳಗೆ ಉಗುರಿನಷ್ಟು ಅಗಲದ ಒಂದು ಕಾರ್ಡು. ಆ ಕಾರ್ಡಿನಲ್ಲಿ ನಲವತ್ತೊಂದು ಹಾಡು. ನಲವತ್ತೊಂದನ್ನೂ ಹಾಡಿದವಳು ಅವಳ ಅಮ್ಮ ಖಂಪೆಂಗ್.

ಖಂಪೆಂಗ್ ಮಹಾಸಾರಖಾಮ್ ಕಡೆಯ ಹಳ್ಳಿಗಳಲ್ಲಿ ಮೋಲಮ್ ಅನ್ನುವ ಜಾನಪದ ಹಾಡಿನ ಹಾಡುಗಾತಿ. ಅಪ್ಪ ಬಿದಿರು ಕೊಳವೆಗಳ ಖೇನ್ ಬಾಯಿಗಿಟ್ಟು ಊದುತ್ತಿದ್ದರೆ ಅಮ್ಮ ಎದುರಿನವರ ಕಾಲೆಳೆಯುತ್ತ, ಕಣ್ಣು ಹೊಡೆಯುತ್ತ, ಸೊಂಟ ಕುಲುಕುತ್ತ ಹಾಡುತ್ತಿದ್ದಳು. ಒಬ್ಬ ಶಾಲೆ ಮೇಷ್ಟ್ರು ಎರಡು ಮೈಕು ಇಟ್ಟು ಅದನ್ನು ಟೇಪಿಗೆ ಹಿಡಿದಿದ್ದರು. ಟೇಪಿನಿಂದ ಕಾರ್ಡಿಗೆ ಬಂದಿದ್ದು ಇಷ್ಟೇ. ಮಿಕ್ಕಿದ್ದನ್ನು ಗೆದ್ದಲು ಕೇಳಿಸಿಕೊಂಡಿತು. ದುವನ್‌ಗೆ ಅಮ್ಮನ ದನಿ ಬಂದಿಲ್ಲ. “ನಿನ್ನ ಗಂಟಲು ಕಪ್ಪೆಗೂ ಬೇಡ ಮಗಳೇ, ಕಾಲು ಮಾತ್ರ ನಂದೇ,” ಎನ್ನುತ್ತಿದ್ದಳು ಅಮ್ಮ. ದುವನ್‌ಗೆ ಐವತ್ತು ತುಂಬಿದಾಗ ಡಾಕ್ಟರು ಸಕ್ಕರೆ ಕಾಯಿಲೆ ಶುರುವಾಗಿದೆ, ದಿನಾ ನಡೆಯಮ್ಮ ಅಂದರು. ದುವನ್ ಹಾಡಿನ ಡಬ್ಬಿ ಸಿಕ್ಕಿಸಿಕೊಂಡು ಕೆರೆಯ ದಂಡೆಗೆ ಹೋದಳು. ಆದರೆ ಅಮ್ಮನ ಹಾಡು ಕೇಳುತ್ತ ನಡೆಯುವುದಕ್ಕೆ ಯಾರ ಕೈಲಿ ಸಾಧ್ಯ? ಎರಡೇ ವಾರದಲ್ಲಿ ಓಡುತ್ತಿದ್ದಳು. ಆರು ವರ್ಷದಿಂದ ಓಡುತ್ತಲೇ ಇದ್ದಳು, ಕಳೆದ ಗುರುವಾರದವರೆಗೆ.

“ಗುರುವಾರ ಏನಾಯ್ತು?” ಸೆಂಗ್ ಕೇಳಿದ.

“ಏನಿಲ್ಲ,” ಅಂದಳು ದುವನ್.

“ಏನಿಲ್ವಂತೆ!” ಸಾಯ್‌ಯುತ್ ಸ್ಟೂಲನ್ನೇ ಮುಂದಕ್ಕೆ ಎಳೆದುಕೊಂಡಳು. “ಹಿಯಾ, ಇವಳ ಹಳೇ ಇಯರ್‌ಫೋನು ಹರಿದುಹೋಯ್ತು. ಸಂತೇಲಿ ಹೊಸಾದು ತಗೊಂಡ್ಳು, ಇದೇ ಥರ, ಕಿವಿಯೊಳಗೆ ಹೋಗಿ ಕೂತ್ಕೊಳ್ಳೋದು. ಗುರುವಾರ ಸಂಜೆ ಅದನ್ನ ಜಡ್ಕೊಂಡು ಓಡ್ತಾ ಇದಾಳೆ. ಆರು ಗಂಟೆ ಆಯ್ತು.”

ಸೆಂಗ್‌ನ ಹುಬ್ಬು ಮೇಲೇರಿತು. ಆರು ಗಂಟೆ ಅಂದ ಮೇಲೆ ಇನ್ನೇನೂ ಹೇಳಬೇಕಾಗಿಲ್ಲ. ದಿನಾ ಸಂಜೆ ಆರಕ್ಕೆ ಕೆರೆಯ ಸುತ್ತಲಿನ ಧ್ವನಿವರ್ಧಕಗಳಲ್ಲಿ ರಾಷ್ಟ್ರಗೀತೆ ಬರುತ್ತದೆ. ಓಡುವವರು ಓಟ ನಿಲ್ಲಿಸುತ್ತಾರೆ, ಸೈಕಲಿನವರು ಕಾಲೂರುತ್ತಾರೆ, ವೇದಿಕೆ ಮುಂದೆ ಕುಣಿದು ಕಸರತ್ತು ಮಾಡುವ ಇನ್ನೂರು ಹೆಂಗಸರು ಎತ್ತಿದ ಕೈ ಇಳಿಸಿ ನೆಟ್ಟಗೆ ನಿಲ್ಲುತ್ತಾರೆ. ಒಂದು ನಿಮಿಷ, ಅಷ್ಟೇ. ಮುಗಿದ ಮೇಲೆ ಎಲ್ಲ ಮೊದಲಿನಂತೆ.

“ಕೇಳಿಸ್ಲಿಲ್ವಾ?”

“ಏನಂದ್ರೆ ಏನೂ ಕೇಳಿಸ್ಲಿಲ್ಲ ಹಿಯಾ,” ದುವನ್‌ಗೇ ಈಗ ತಡೆಯಲಾಗಲಿಲ್ಲ. ಬೇರೆಯವರ ಬಾಯಲ್ಲಿ ಹಾಳಾಗುವುದಕ್ಕಿಂತ ತಾನೇ ಹೇಳುವುದು ವಾಸಿ. “ಅಮ್ಮನ ಹನ್ನೆರಡನೇ ಹಾಡು ಬರ್ತಾ ಇತ್ತು, ಅದು ಬಲು ಜೋರು. ಆ ಹಾಡಿಗೆ ನಾನು ಯಾವಾಗ್ಲೂ ಸ್ವಲ್ಪ ಜಾಸ್ತೀನೇ ಓಡ್ತೀನಿ. ನೋಡ್ತೀನಿ, ಮುಂದಿದ್ದ ಪೊಲೀಸ್ ಹುಡುಗನ್ನ ದಾಟ್ದೆ! ಆರು ವರ್ಷದಲ್ಲಿ ಅವನ ಬೆನ್ನು ಬಿಟ್ರೆ ಮುಖ ನೋಡಿರ್ಲಿಲ್ಲ ನಾನು. ಆಮೇಲೆ ಕಾಲೇಜು ತಂಡದವರನ್ನ ದಾಟ್ದೆ. ಆ ಉದ್ದ ಕಾಲಿನ ಬ್ಯಾಂಕ್ ಮ್ಯಾನೇಜರನ್ನೂ ದಾಟ್ದೆ. ಅಯ್ಯೋ ದೇವ್ರೇ, ಇವತ್ತು ಏನು ತಿಂದೆ ನಾನು ಅಂದ್ಕೊಂಡೆ.”

“ಕೈ ಬೇರೆ ಬೀಸಿದ್ಳು!” ಸಾಯ್‌ಯುತ್‌ಗೆ ನಗು ತಡೆಯಲಾಗಲಿಲ್ಲ. “ಎಲ್ಲರೂ ಸಾಲಾಗಿ ನೆಟ್ಟಗೆ ನಿಂತಿದಾರೆ, ಇವಳು ರಾಣಿ ಥರ ಕೈ ಬೀಸ್ಕೊಂಡು ಹೋಗ್ತಾ ಇದಾಳೆ. ನಾನು ಕೆರೆ ಗೇಟಲ್ಲಿ ಒಲೆ ಮುಂದೆ ನಿಂತಿದೀನಿ, ಕೂಗೋ ಹಾಗಿಲ್ಲ, ಅಲ್ಲಾಡೋ ಹಾಗಿಲ್ಲ, ನಗೋ ಹಾಗಂತೂ ಮೊದಲೇ ಇಲ್ಲ. ಎರಡು ಬಿಲ್ಲೆ ಸೀದುಹೋದ್ವು ಹಿಯಾ!”

“ದಾರೀಲಿ ಜಾಗ ಬಿಟ್ಟು ನನ್ನ ನೋಡ್ತಾ ಇದಾರೆ ಅಂದ್ಕೊಂಡೆ,” ಅಂದಳು ದುವನ್ ಸಣ್ಣ ದನಿಯಲ್ಲಿ. “ಆಮೇಲೆ ನೋಡಿದ್ರೆ ನಾಯಿನೂ ಕೂತಿತ್ತು.”

ಸೆಂಗ್ ನಗಬಾರದೆಂದು ಬಹಳ ಪ್ರಯತ್ನಪಟ್ಟ. ಕನ್ನಡಕ ತೆಗೆದು ಒರೆಸಿದ, ಕೆಮ್ಮಿದ, ಕೊನೆಗೆ ಗಲ್ಲಾದ ಕೆಳಗೆ ಏನನ್ನೋ ಹುಡುಕುವವನಂತೆ ಬಗ್ಗಿದ. ಗಲ್ಲಾ ಅಲುಗಾಡಿತು.

ಯಾರೂ ಬೈದಿರಲಿಲ್ಲ. ಕಸರತ್ತು ಹೇಳಿಕೊಡುವಾಕೆ ಮಾತ್ರ ಮೈಕಿನಲ್ಲಿ “ದುವನಕ್ಕ ಇವತ್ತು ಎಲ್ಲರನ್ನೂ ಹಿಂದೆ ಹಾಕಿದ್ರಪ್ಪ” ಅಂದಿದ್ದಳು. ಇನ್ನೂರು ಜನ ನಕ್ಕಿದ್ದರು. ದುವನ್‌ಗೆ ಭೂಮಿ ಬಾಯಿಬಿಡಬಾರದೇ ಅನಿಸಿತ್ತು. ಮನೆಗೆ ಬಂದವಳೇ ಆ ಇಯರ್‌ಫೋನನ್ನು ಕಸಕ್ಕೆಸೆದು, ಡಬ್ಬಿಯನ್ನು ಚಡ್ಡಿಯ ಜೇಬಿಗೆ ತುರುಕಿ, ಚಡ್ಡಿಯನ್ನು ಬಿಚ್ಚಿ ಸೋಪು ನೀರಿನ ಬಕೆಟ್ಟಿಗೆ ಎಸೆದಳು. ಊರ ಜನರ ಜೇಬೆಲ್ಲ ತಡಕುವವಳು ತನ್ನ ಜೇಬನ್ನೇ ನೋಡಲಿಲ್ಲ! ದೀಪದ ಬುಡದಲ್ಲಿ ಕತ್ತಲು ಅನ್ನುವುದು ಇದಕ್ಕೇ. ಬೆಳಿಗ್ಗೆ ನೀಲಿ ಡಬ್ಬಿ ಗುಳ್ಳೆ ಬಿಡುತ್ತಿತ್ತು. ಕಾರ್ಡನ್ನು ಕಿತ್ತು, ಒರೆಸಿ, ತೇವ ಹೀರಲೆಂದು ಅಂಟಕ್ಕಿಯ ಡಬ್ಬದಲ್ಲಿ ಹೂತಿಟ್ಟು ನಾಲ್ಕು ದಿನ ಆಗಿತ್ತು. ಕೆರೆಯ ಕಡೆ ತಲೆ ಹಾಕದೆಯೂ ನಾಲ್ಕು ಸಂಜೆ. ಅಮ್ಮನಿಲ್ಲದೆ ಓಡಲು ಕಾಲೇಳುವುದಿಲ್ಲ. ಅಮ್ಮನನ್ನು ಕಿವಿಗಿಟ್ಟುಕೊಂಡು ಇನ್ನೊಮ್ಮೆ ಹಾಗೆ ಮರ್ಯಾದೆ ಕಳೆದುಕೊಳ್ಳಲು ಧೈರ್ಯವಿಲ್ಲ.

“ಸರಿ,” ಸೆಂಗ್ ಮುಖ ಒರೆಸಿಕೊಂಡು ಎದ್ದ. “ಅಂದ್ರೆ ನಿನ್ನ ಅಮ್ಮನೂ ಹಾಡ್ಬೇಕು, ಆರು ಗಂಟೆನೂ ಕೇಳ್ಬೇಕು.”

“ಅಷ್ಟೇ.”

“ಫೋನಲ್ಲೇ ಹಾಕ್ಕೊಳ್ಳಬಾರ್ದಾ?”

“ಫೋನಾ? ಅಮ್ಮ ಬಾಯಿ ತೆಗೀಬೇಕು, ಅಷ್ಟರಲ್ಲಿ ಟಿಂಗ್! ದೊಡ್ಡಮ್ಮ ನನ್ನ ಶರ್ಟು ಆಯ್ತಾ. ಟಿಂಗ್! ದೊಡ್ಡಮ್ಮ ನನ್ನ ಪ್ಯಾಂಟು ಎಲ್ಲಿ. ಇಡೀ ಹಾಸ್ಟೆಲ್ಲನ್ನ ಬೆನ್ನ ಮೇಲೆ ಹೊತ್ಕೊಂಡು ಓಡ್ಲಾ?”

ಸೆಂಗ್ ಗಾಜಿನ ಕಪಾಟಿನಿಂದ ಕರಿಯ, ಮಿರಿಮಿರಿ ಮಿಂಚುವ ಒಂದು ಪ್ಲೇಯರ್ ತೆಗೆದ. ಸಂಗೀತದ ಹುಚ್ಚಿರುವವರು ಬಂದು ಇದನ್ನೇ ಕೇಳುತ್ತಾರಂತೆ, ಹನ್ನೆರಡು ಸಾವಿರ ಬಾತ್. ದುವನ್ ಅಂಗೈಯಲ್ಲಿ ತೂಗಿ ನೋಡಿದಳು. “ಇದನ್ನ ಸಿಕ್ಕಿಸ್ಕೊಂಡು ಓಡಿದ್ರೆ ಮೊದಲನೇ ಸುತ್ತಿಗೇ ಕಾಲರ್ ಹೊಕ್ಕುಳಿಗೆ ಬರತ್ತೆ.” ಇನ್ನೊಂದು ತೆಳ್ಳಗೆ, ಬಿಸ್ಕತ್ತಿನಂತೆ ಇತ್ತು, ಆದರೆ ಒಂದು ಗುಂಡಿಯೂ ಇಲ್ಲ, ಗಾಜಿನ ಮೇಲೆ ಬೆರಳಾಡಿಸಬೇಕು. ದುವನ್ ಬೆರಳಾಡಿಸಿದಳು. ಅದು ಕಣ್ಣೇ ತೆರೆಯಲಿಲ್ಲ. ಸಾಯ್‌ಯುತ್ ಮುಟ್ಟಿದರೆ ತಕ್ಷಣ ಬೆಳಗಿತು.

“ನನ್ನ ಬೆರಳು ಇದಕ್ಕೆ ಲೆಕ್ಕಕ್ಕಿಲ್ಲ,” ಅಂದಳು ದುವನ್. ಸೋಪು, ಇಸ್ತ್ರಿ ಪೆಟ್ಟಿಗೆಯ ಕಾವು, ಇಪ್ಪತ್ತೆರಡು ವರ್ಷ. ಬೆರಳ ತುದಿ ಸವೆದು ಗಟ್ಟಿಯಾಗಿ ಹೋಗಿತ್ತು. ಗುರುತಿನ ಚೀಟಿ ಮಾಡಿಸಲು ಹೋದಾಗಲೂ ಬೆರಳಚ್ಚಿನ ಯಂತ್ರ ಅವಳನ್ನು ಐದು ಸಲ ವಾಪಸ್ಸು ಕಳಿಸಿತ್ತು. “ನಂಗೆ ಗುಂಡಿ ಬೇಕು ಹಿಯಾ. ಒತ್ತಿದ್ರೆ ಟಕ್ ಅನ್ನೋ ಗುಂಡಿ. ಕಣ್ಣು ಶರ್ಟಿನ ಮೇಲೆ ಇರ್ಬೇಕು, ಕೈ ತಾನೇ ಹುಡುಕ್ಕೋಬೇಕು.”

ಮೂರನೆಯದು ಕಿವಿಗೆ ಹೋಗುವುದೇ ಇಲ್ಲ. ಕೆನ್ನೆಯ ಮೂಳೆಯ ಮೇಲೆ ಕೂತು ಅಲ್ಲಿಂದಲೇ ಹಾಡುತ್ತದೆ, ಡಬ್ಬಿಯೂ ಅದರೊಳಗೇ, ಈಜುವವರೂ ಹಾಕಿಕೊಳ್ಳುತ್ತಾರೆ. ದುವನ್ ಹಾಕಿಕೊಂಡಳು, ಕಣ್ಣರಳಿತು. ಬೀದಿಯ ಸದ್ದೆಲ್ಲ ಕೇಳುತ್ತಿದೆ! ಆದರೆ ಅದಕ್ಕೆ ಕಾರ್ಡು ಹಾಕುವ ಸಂದೇ ಇಲ್ಲ, ಹಾಡುಗಳನ್ನು ಕಂಪ್ಯೂಟರಿನಿಂದ ತುಂಬಿಸಬೇಕು, ಬೆಲೆ ನಾಲ್ಕು ಸಾವಿರದ ಇನ್ನೂರು.

“ಅದೂ ಅಲ್ದೆ,” ಅಂದಳು ಅವಳು ಅದರಲ್ಲಿದ್ದ ಯಾವುದೋ ಹಾಡು ಕೇಳುತ್ತ, “ಮಣ್ಣಿನ ಗಡಿಗೆಯೊಳಗೆ ಕೂತು ಹಾಡ್ದಂಗಿದೆ. ನಮ್ಮಮ್ಮ ಗಡಿಗೇಲಿ ಕೂರೋಳಲ್ಲ.”

ಸಾಯ್‌ಯುತ್‌ಗೆ ತಾಳ್ಮೆ ತಪ್ಪಿತು. “ಏ ರಾಣಿ, ನಾಲ್ಕೂವರೆಗೆ ನಾನು ಒಲೆ ಹೊತ್ತಿಸ್ಬೇಕು. ಇಷ್ಟೊಂದು ನೋಡಿ ಗಂಡನ್ನೂ ಆರಿಸ್ಕೊಳ್ಳಲಿಲ್ಲ ನೀನು.”

“ಅದಕ್ಕೇ ಅವನು ಹೋದ. ಇದು ಹೋಗ್ಬಾರ್ದು.”

ಸೆಂಗ್ ಗೊಣಗುತ್ತ ಒಳಗೆ ಹೋಗಿ, ಅಂಗಡಿಯ ಹಿಂದಿನ ಮರದ ಡ್ರಾಯರೊಂದನ್ನು ಪೂರ್ತಿ ಕಿತ್ತುಕೊಂಡೇ ಬಂದ. ಧೂಳು, ತಂತಿ, ಬ್ಯಾಟರಿ, ಅದರ ನಡುವೆ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದ್ದ ಕೆಂಪು ಪ್ಲೇಯರ್. ಐದು ಗುಂಡಿ, ನಡುವಿನ ಗುಂಡಿ ಮಾತ್ರ ಉಬ್ಬಿಕೊಂಡಿದೆ. ಹಿಂದೆ ಗಟ್ಟಿ ಕ್ಲಿಪ್ಪು. ಪಕ್ಕದಲ್ಲಿ ಕಾರ್ಡಿನ ಸಂದು. “ಎರಡು ವರ್ಷದಿಂದ ಯಾರೂ ಕೇಳಿಲ್ಲ. ಆರುನೂರ ತೊಂಬತ್ತು. ಹಾಕು ನಿನ್ನ ಕಾರ್ಡು.”

ದುವನ್ ಕರವಸ್ತ್ರದ ಗಂಟು ಬಿಚ್ಚಿದಳು. ಕಾರ್ಡಿನ ಜೊತೆ ಎರಡು ಅಕ್ಕಿಕಾಳೂ ಉದುರಿದವು. ಸೆಂಗ್ ಕಾರ್ಡು ತೂರಿಸಿ, ಗುಂಡಿ ಒತ್ತಿ, ಪುಟ್ಟ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದ.

“ಖಾಲಿ ಅಂತಿದೆ.”

ಅಂಗಡಿಯಲ್ಲಿ ಫ್ಯಾನು ತಿರುಗುವ ಸದ್ದು ಮಾತ್ರ. ಸಾಯ್‌ಯುತ್ ಕಾಲಾಡಿಸುವುದನ್ನು ನಿಲ್ಲಿಸಿದಳು. ನಾಲ್ಕು ದಿನದಿಂದ ದುವನ್ ಅಂಟಕ್ಕಿಯ ಡಬ್ಬವನ್ನು ದಿನಕ್ಕೆ ಹತ್ತು ಸಲ ನೋಡಿದ್ದಳು, ಆದರೆ ಈ ಮಾತನ್ನು ಒಮ್ಮೆಯೂ ಯೋಚಿಸಲು ಹೋಗಿರಲಿಲ್ಲ.

“ಇನ್ನೊಂದು ಕಡೆ ಇದೆಯಾ ಈ ಹಾಡು?” ಸೆಂಗ್ ಮೆಲ್ಲಗೆ ಕೇಳಿದ.

ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು.

“ಒಂದೇ ಕಾರ್ಡಾ? ಹುಚ್ಚಿ ಕಣೇ ನೀನು!” ಸೆಂಗ್ ಕಾರ್ಡನ್ನು ಹೊರಗೆಳೆದು, ಗಲ್ಲಾದಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು, ಅದರ ಚಿನ್ನದ ಬಣ್ಣದ ಗೆರೆಗಳನ್ನು ಕೂಸಿನ ಮೂಗೊರೆಸುವಷ್ಟು ನಾಜೂಕಾಗಿ ಉಜ್ಜಿದ. ಊದಿದ. ಮತ್ತೆ ಉಜ್ಜಿದ. “ಸೋಪಿನ ಪೊರೆ ಕೂತಿರತ್ತೆ. ಬಟ್ಟೆ ಒಗೆಯೋಳಿಗೆ ನಾನು ಹೇಳ್ಕೊಡ್ಬೇಕಾ, ಇನ್ನೊಂದ್ಸಲ ಜಾಲಾಡಿಸ್ಬೇಕು ಅಂತ?” ತೂರಿಸಿದ. ಗುಂಡಿ ಒತ್ತಿದ.

ಪರದೆಯ ಮೇಲೆ ೪೧ ಅಂತ ಬಂತು.

ದುವನ್ ಗಲ್ಲಾದ ಮೇಲೆ ಬಿದ್ದಿದ್ದ ಎರಡು ಅಕ್ಕಿಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡು ಕಟುಂ ಕಟುಂ ಅಗಿದಳು.

“ಇನ್ನೇನು, ಮುಗೀತು,” ಅಂದ ಸೆಂಗ್. “ಯಾವುದಾದ್ರೂ ಇಯರ್‌ಫೋನು ತಗೋ, ಓಡೋವಾಗ ಒಂದೇ ಕಿವಿಗೆ ಹಾಕ್ಕೋ. ಇನ್ನೊಂದು ಕಿವಿ ಆರು ಗಂಟೆಗೆ.”

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಅಂದುಕೊಂಡು ಅವಳು ಬಲಗಿವಿಗೆ ಒಂದನ್ನು ಹಾಕಿಕೊಂಡಳು. ಅಪ್ಪನ ಖೇನ್ ಬಂತು, ಉಸಿರೆಳೆಯುವುದೂ ಕೇಳಿಸಿತು. ಕಾದಳು. ಅಮ್ಮ ಬರಲೇ ಇಲ್ಲ. ಅದನ್ನು ತೆಗೆದು ಎಡದ್ದನ್ನು ಹಾಕಿಕೊಂಡಳು. ಅಮ್ಮ ಬಂದಳು, ಆದರೆ ಒಬ್ಬಳೇ, ಖೇನ್ ಇಲ್ಲದೆ, ಜನ ಇಲ್ಲದ ಬಯಲಿನಲ್ಲಿ ಹಾಡುವವಳಂತೆ. ಮೇಷ್ಟ್ರು ಇಟ್ಟಿದ್ದು ಎರಡು ಮೈಕು. ಒಂದು ಅಮ್ಮನ ಬಾಯಿಗೆ, ಒಂದು ಅಪ್ಪನ ಖೇನ್‌ಗೆ. ಇಷ್ಟು ವರ್ಷ ಎರಡು ಕಿವಿಯಲ್ಲೂ ಕೇಳುತ್ತಿದ್ದವಳಿಗೆ ಇದು ಇವತ್ತೇ ಗೊತ್ತಾಗಿದ್ದು.

“ಆಗಲ್ಲ ಹಿಯಾ. ಒಂದೇ ಕಿವಿ ಅಂದ್ರೆ ಇಬ್ಬರಲ್ಲಿ ಒಬ್ಬರನ್ನ ಮನೇಲಿ ಬಿಟ್ಟು ಹೋಗ್ಬೇಕು.”

ಸೆಂಗ್ ತಾನೂ ಕೇಳಿದ. ಮೊದಲು ಬಲಗಿವಿ, ಆಮೇಲೆ ಎಡಗಿವಿ, ಆಮೇಲೆ ಎರಡೂ. ಎರಡೂ ಹಾಕಿಕೊಂಡವನು ಬಹಳ ಹೊತ್ತು ತೆಗೆಯಲೇ ಇಲ್ಲ. ಬೆರಳು ಗಲ್ಲಾದ ಮೇಲೆ ತಾಳ ಹಾಕತೊಡಗಿತು.

“ನಿಮಗೆ ಕೊಡಿಸೋಕೆ ಬಂದಿದ್ದಾ ನಾವು?” ಸಾಯ್‌ಯುತ್ ಅವನ ಕಿವಿಯಿಂದ ಕಿತ್ತಳು.

“ನಿಮ್ಮಮ್ಮ ಬಲೇ ಹೆಂಗಸು ಕಣೇ,” ಅಂದ ಸೆಂಗ್, ನಾಚಿಕೊಂಡು. ಮತ್ತೆ ಡ್ರಾಯರಿಗೆ ಕೈ ಹಾಕಿ ತಳದಿಂದ ಒಂದು ಹಳೇ ಕಾಲದ ಹೆಡ್‌ಫೋನು ಎತ್ತಿದ. ತಲೆಯ ಮೇಲೆ ತೆಳ್ಳನೆ ತಂತಿಯ ಕಮಾನು, ಎರಡು ತುದಿಗೂ ಕರಿ ಸ್ಪಂಜಿನ ಬಿಲ್ಲೆ. ಕಿವಿಯೊಳಗೆ ಹೋಗುವುದಿಲ್ಲ, ಕಿವಿಯ ಮೇಲೆ ಸುಮ್ಮನೆ ಕೂರುತ್ತದೆ. ಅರವತ್ತು ಬಾತ್. ದುವನ್ ಹಾಕಿಕೊಂಡಳು. ಎಡಕ್ಕೆ ಅಮ್ಮ, ಬಲಕ್ಕೆ ಅಪ್ಪ, ನಡುವೆ ಬೀದಿಯ ಮೋಟಾರ್‌ಬೈಕು, ಪಕ್ಕದಂಗಡಿಯ ಒರಳಿನಲ್ಲಿ ಪಪ್ಪಾಯಿ ಕುಟ್ಟುವ ಸದ್ದು.

“ಪರೀಕ್ಷೆ ಮಾಡ್ಬೇಕು!” ಸಾಯ್‌ಯುತ್ ಬಾಗಿಲಾಚೆ ಓಡಿ ಅಲ್ಲಿಂದ ಪಿಸುಗುಟ್ಟಿದಳು. “ದುವನ್ ಒಬ್ಬಳು ಹಳೇ ಎಮ್ಮೆ.”

“ನೀನು ಎಮ್ಮೆ, ನಿನ್ನ ಬಿಲ್ಲೇಲಿ ಉಪ್ಪು ಜಾಸ್ತಿ.”

“ಕೇಳ್ಸತ್ತೆ!”

ದುವನ್ ಪ್ಲೇಯರನ್ನು ಕಾಲರಿಗೆ ಸಿಕ್ಕಿಸಿ, ಫ್ಯಾನು ಕುಕ್ಕರುಗಳ ಸಾಲಿನ ನಡುವೆ ಆ ತುದಿಯಿಂದ ಈ ತುದಿಗೆ ಓಡಿದಳು. ನೆಗೆದಳು. ಬಗ್ಗಿದಳು. ಕ್ಲಿಪ್ಪು ಜಗ್ಗಲಿಲ್ಲ, ಕಮಾನು ಜಾರಲಿಲ್ಲ. ಗುಂಡಿ ಒತ್ತಿ ಹನ್ನೆರಡನೇ ಹಾಡು ಹಾಕಿದಾಗ ಓಟ ತಾನಾಗಿ ಜೋರಾಯಿತು. ಆಗ ಸೆಂಗ್ ಸದ್ದಿಲ್ಲದೆ ಸ್ಟೂಲು ಹತ್ತಿ, ಮೂಗಿನಲ್ಲೇ ಆರು ಗಂಟೆಯ ಗೀತೆ ಗುನುಗತೊಡಗಿದ.

ದುವನ್ ಗಕ್ಕನೆ ನಿಂತಳು. ಸಾಯ್‌ಯುತ್ ಕೂಡ ಬಾಗಿಲಲ್ಲೇ ನೆಟ್ಟಗಾದಳು. ಅದೇ ಹೊತ್ತಿಗೆ ಬಲ್ಬು ಕೊಳ್ಳಲು ಒಳಗೆ ಕಾಲಿಟ್ಟ ಗಿರಾಕಿಯೊಬ್ಬ ಮೂವರನ್ನೂ ನೋಡಿ, ಕೆಟ್ಟುಹೋದ ಬಲ್ಬನ್ನು ಎದೆಗೊತ್ತಿಕೊಂಡು ತಾನೂ ಕಂಬದಂತೆ ನಿಂತುಬಿಟ್ಟ. ಸೆಂಗ್‌ಗೆ ಈಗ ನಿಲ್ಲಿಸುವ ಹಾಗೂ ಇಲ್ಲ, ನಗುವ ಹಾಗೂ ಇಲ್ಲ. ಪಾಪ, ಕೊನೆಯವರೆಗೂ ಗುನುಗಿಯೇ ಸ್ಟೂಲಿನಿಂದ ಇಳಿದ.

ದುವನ್ ಏಳುನೂರ ಐವತ್ತು ಬಾತ್ ಎಣಿಸಿಕೊಡುವಾಗ ಸೆಂಗ್ ಅಂದ, “ಕಾರ್ಡು ಇವತ್ತು ಇಲ್ಲೇ ಬಿಟ್ಟುಹೋಗು. ಇನ್ನೆರಡು ನಕಲು ಮಾಡಿಡ್ತೀನಿ.”

“ಇವತ್ತು ಆಗಲ್ಲ.” ದುವನ್ ಕಾಲರಿನ ಮೇಲೆ ಕೈಯಿಟ್ಟುಕೊಂಡಳು. “ನಾಲ್ಕು ದಿನ ಆಯ್ತು ಹಿಯಾ.”

“ಸರಿ, ಆಮೇಲೆ ಹೇಳು,” ಅಂದ ಅವನು. ಬಲವಂತ ಮಾಡಲಿಲ್ಲ.

ಸಂಜೆ ಕೆರೆಯ ದಂಡೆಯಲ್ಲಿ ಗಾಳಿ ಇತ್ತು. ಮೊದಲ ಸುತ್ತಿನಲ್ಲಿ ದುವನ್ ತಲೆ ತಗ್ಗಿಸಿಯೇ ಓಡಿದಳು. ಎರಡನೆಯ ಸುತ್ತಿಗೆ ಅಮ್ಮ ಯಾರನ್ನೋ ಗೇಲಿ ಮಾಡುತ್ತಿದ್ದಳು, ತಲೆ ತಾನಾಗಿ ಎದ್ದಿತು. ಪೊಲೀಸ್ ಹುಡುಗ ಎಂದಿನಂತೆ ಬೆನ್ನು ತೋರಿಸಿಕೊಂಡು ಮುಂದೆ ಹೋದ, ಹೋಗುವಾಗ “ದೊಡ್ಡಮ್ಮ, ಇವತ್ತು ನಿಧಾನ ಯಾಕೆ?” ಅಂತ ಹಲ್ಲು ಕಿರಿದ. “ನಿನ್ನ ಮಾನ ಉಳಿಸ್ತಾ ಇದೀನಿ ಮಗನೇ!” ಅಂದಳು. ಇದೇನು, ಬಾಯಿ ಕೂಡ ವಾಪಸ್ಸು ಬಂತಲ್ಲ!

ಗೀತೆ ಶುರುವಾಗುವ ಮೊದಲು ಧ್ವನಿವರ್ಧಕದಲ್ಲಿ ಕರ್ರ್ ಅಂತ ಒಂದು ಸಣ್ಣ ಸದ್ದು ಬರುತ್ತದೆ. ಆರು ವರ್ಷದಲ್ಲಿ ಅದನ್ನು ಅವಳು ಗಮನವಿಟ್ಟು ಕೇಳಿದ್ದೇ ಇಲ್ಲ. ಇವತ್ತು ಅಮ್ಮನ ಸಾಲಿನ ಮಧ್ಯೆ ಆ ಕರ್ರ್ ಕೇಳಿಸಿತು. ಹೆಬ್ಬೆರಳು ಉಬ್ಬಿದ ಗುಂಡಿಯನ್ನು ತಾನೇ ಹುಡುಕಿಕೊಂಡಿತು. ಟಕ್. ಅಮ್ಮ ಬಾಯಿ ತೆರೆದವಳು ಹಾಗೇ ನಿಂತಳು, ಅಪ್ಪ ಉಸಿರು ಹಿಡಿದ. ದುವನ್ ನಿಂತಾಗ ದಂಡೆಯ ಮೇಲೆ ಇನ್ನೂ ಎಲ್ಲರೂ ಓಡುತ್ತಿದ್ದರು. ಆಮೇಲೆ ಒಬ್ಬೊಬ್ಬರಾಗಿ ನಿಂತರು. ನಾಯಿ ಕೊನೆಗೆ ಕೂತಿತು.

ಒಂದು ನಿಮಿಷ ಕಳೆಯಿತು. ಕಸರತ್ತಿನಾಕೆ ವೇದಿಕೆಯಿಂದ ಮೈಕಿನಲ್ಲಿ ಏನೂ ಹೇಳಲಿಲ್ಲ, ಕೈ ಮಾತ್ರ ಬೀಸಿದಳು, ರಾಣಿಯ ಹಾಗೆ. ದುವನ್ ತಿರುಗಿ ಬೀಸಿದಳು. ಟಕ್. ಅಮ್ಮ ನಿಲ್ಲಿಸಿದ ಅಕ್ಷರದಿಂದಲೇ ಎತ್ತಿಕೊಂಡಳು.

ಓಟ ಮುಗಿಸಿ ಬೆವರಿಳಿಸುತ್ತ ಗೇಟಿಗೆ ಬಂದಾಗ ಸಾಯ್‌ಯುತ್ ಮೊಟ್ಟೆ ಸವರಿದ ಬಿಸಿ ಬಿಲ್ಲೆಯೊಂದನ್ನು ಬಾಳೆ ಎಲೆಯಲ್ಲಿ ಹಾಕಿಕೊಟ್ಟಳು.

“ಇವತ್ತು ಎಲ್ಲರಿಗಿಂತ ಮುಂಚೆ ನಿಂತ್ಯಲ್ಲೇ. ಹಿಂಗಾದ್ರೆ ನನ್ನ ವ್ಯಾಪಾರ ಏನಾಗ್ಬೇಕು? ನೆಂಚ್ಕೊಳ್ಳೋಕೆ ಏನಿದೆ?”

“ಸೆಂಗ್ ಸ್ಟೂಲು ಹತ್ತಿದ್ದು ಇದೆಯಲ್ಲ, ಒಂದು ವಾರಕ್ಕಾಗತ್ತೆ,” ಅಂದಳು ದುವನ್, ಬಾಯಿ ತುಂಬ ಬಿಲ್ಲೆ. ಆಮೇಲೆ ಅವಳಿಗೆ ಪರದೆಯ ಮೇಲೆ ‘ಖಾಲಿ’ ಅಂತ ಬಂದಾಗಿನ ಆ ಫ್ಯಾನಿನ ಸದ್ದು ನೆನಪಾಯಿತು.

“ಬರೋ ಮಂಗಳವಾರ ಮತ್ತೆ ಹೋಗೋಣ್ವಾ? ಮೂರೂವರೆಗೆ. ನಾನು ಅವರ ಪಕ್ಕದಲ್ಲೇ ಕೂತಿರ್ತೀನಿ, ನನ್ನ ಕಣ್ಣೆದುರಿಗೇ ನಕಲು ಮಾಡ್ಲಿ. ಒಂದು ನಂಗೆ, ಒಂದು ಬಿಸ್ಕತ್ತಿನ ಡಬ್ಬಿಗೆ.”

“ಒಂದು ಹಿಯಾಗೆ,” ಅಂದಳು ಸಾಯ್‌ಯುತ್. “ಬೆರಳು ಕುಣಿಸ್ತಾ ಇದ್ದಿದ್ದು ನೋಡ್ಲಿಲ್ವಾ?”

“ಒಂದು ಹಿಯಾಗೆ. ನೀನು ಬಿಲ್ಲೆ ತಗೊಂಡು ಬಾ, ಆರು.”

“ಉಪ್ಪು?”

“ಇಷ್ಟೇ ಇರ್ಲಿ,” ಅಂದಳು ದುವನ್.